ಬೂದು ಬಣ್ಣದ ಬೆಸುಗೆ

ಔರಂಗಾಬಾದಿನ ಆ ಸಭಾಗೃಹದಲ್ಲಿ ನನ್ನ ಮೈದುನ ಮಹಾಂತೇಶನ ಕೈ ತಪ್ಪಲಿಲ್ಲ. ಕೈಕೊಟ್ಟದ್ದು ನಾನು ಬೆಸೆದ ಒಂದು ತಂತಿ. ಅದು ಕೈಕೊಡುತ್ತದೆ ಎಂದು ನನಗೆ ಹಿಂದಿನ ದಿನವೇ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಳ ಹಾಕಿದೆ. ಮರುದಿನ ಎಲ್ಲರೆದುರು, ತಪ್ಪು ಅವನ ಕೈಯದೇ ಎಂದು ನನ್ನ ಬಾಯಿಂದಲೇ ಹೇಳಿದೆ.

ಇಷ್ಟು ಬರೆಯುವುದಕ್ಕೆ ನನಗೆ ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎಂಬ ಹೆಸರು ಬಂದಿದೆ. ನನ್ನ ನಾಲಗೆಗೆ ಮಾತ್ರ ಹಳೆಯ ಹೆಸರೇ ಬರುತ್ತದೆ — ಆ ದಿನದ್ದೆಲ್ಲ ಹಳೆಯ ಹೆಸರಿನಲ್ಲೇ ನಡೆದದ್ದರಿಂದ ಇರಬೇಕು.

ನಮ್ಮದು ಗದಗ ಕಡೆಯ ಕುಟುಂಬ. ಗಂಡನಿಗೆ ಕೇಂದ್ರ ಸರ್ಕಾರದ ನೌಕರಿ. ವರ್ಗವಾಗಿ ನಾಸಿಕಕ್ಕೆ ಬಂದೆವು, ಆಮೇಲೆ ಅವರನ್ನೊಬ್ಬರನ್ನೇ ಮಾಲೇಗಾಂವ್‌ಗೆ ಹಾಕಿದರು. ಶನಿವಾರ ಬರುತ್ತಿದ್ದರು, ಸೋಮವಾರ ನಸುಕಿನ ಬಸ್ಸಿಗೆ ಹೋಗುತ್ತಿದ್ದರು. ಮನೆಯಲ್ಲಿ ನಾನು, ಲಕ್ವಾ ಹೊಡೆದು ಎಡಮೈ ಬಿದ್ದಿದ್ದ ನಮ್ಮ ಅತ್ತೆ, ಮತ್ತು ಗಂಡನ ತಮ್ಮ ಮಹಾಂತೇಶ. ಮನೆಯಲ್ಲಿ ಎಲ್ಲರಿಗೂ ಅವನು ಮಾಂತು.

ನಾನು ನಾಸಿಕದ ಸಾತಪುರದಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ವಿದ್ಯುತ್ ಉಪಕರಣಗಳ ಒಳಗಿನ ಚಿಕ್ಕ ಚಿಕ್ಕ ತಂತಿಗಳನ್ನು ಬೆಸೆಯುವ ಸಾಲು, ಪೂರಾ ಹೆಂಗಸರದು. ಮೊದಲು ಬೆಸೆಯುವವಳಾಗಿ ಸೇರಿದೆ, ಆಮೇಲೆ ಬೆಸೆದದ್ದನ್ನು ಪರೀಕ್ಷೆ ಮಾಡುವವಳಾದೆ. ಬೆಸುಗೆ ಹಾಕುವ ಕಾದ ಕಡ್ಡಿಯ ತುದಿ ಒರೆಸು, ಜಾಗ ಕಾಯಿಸು, ಸೀಸ ಕರಗಿಸು, ಅಲುಗಿಸದೆ ತಡೆ, ಆಮೇಲೆ ನೋಡು — ಇದು ನನ್ನ ಕೈಗೆ ಎಷ್ಟು ಕೂತಿತ್ತೆಂದರೆ ಮನೆಯನ್ನೂ ಹಾಗೆಯೇ ನಡೆಸುತ್ತಿದ್ದೆ. ಹಾಲು, ನೀರು, ಅತ್ತೆಯ ಗಂಜಿ, ಡಬ್ಬಿ, ಬಸ್ಸು, ಎಲ್ಲ ಸರದಿಯಂತೆ. ಒಂದು ಆಚೀಚೆ ಆದರೆ ದಿನವಿಡೀ ಮುಖ ಗಂಟು.

ಒಳ್ಳೆಯ ಬೆಸುಗೆ ಹೊಳೆಯುತ್ತದೆ. ತಂತಿಯ ಸುತ್ತ ನೀರಿನಂತೆ ಹರಿದು ಇಳಿಜಾರಾಗಿ ಕೂರುತ್ತದೆ. ಸೀಸ ಆರುವಾಗ ಕೈ ಅಲುಗಿದರೆ, ಅಥವಾ ಕಾವು ಸಾಲದಿದ್ದರೆ, ಅದು ಬೂದು ಬಣ್ಣಕ್ಕೆ ತಿರುಗಿ ಉಂಡೆಯಾಗಿ ನಿಲ್ಲುತ್ತದೆ. ಅದಕ್ಕೆ ನಾವು ಡ್ರೈ ಸೋಲ್ಡರ್ ಎನ್ನುತ್ತಿದ್ದೆವು. ಅದರಲ್ಲಿರುವ ಮೋಸ ಇದು — ಮೇಜಿನ ಮೇಲೆ ಪರೀಕ್ಷೆ ಮಾಡಿದರೆ ಸರಿಯಾಗಿಯೇ ಕೆಲಸ ಮಾಡುತ್ತದೆ. ಕುಲುಕಾಟ, ಪೆಟ್ಟು ಬಿದ್ದ ಮೇಲೆ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ಅಂಥ ಬೆಸುಗೆ ಕಂಡರೆ ಕೆಂಪು ಬಣ್ಣದ ಬೊಟ್ಟಿಟ್ಟು ವಾಪಸು ಕಳಿಸುವುದು ನನ್ನ ಕೆಲಸ. ಹುಡುಗಿಯರು ನನ್ನನ್ನು ಹಿಂದಿನಿಂದ 'ಕುಂಕುಮಬಾಯಿ' ಎಂದು ಕರೆಯುತ್ತಿದ್ದರಂತೆ. ನನಗೆ ಅದು ಹೆಮ್ಮೆಯೇ ಆಗಿತ್ತು.

ಮಾಂತು ಡ್ರಮ್ ಬಾರಿಸುವವನು. ಸಂಜೆ ಮದುವೆ, ಗಣೇಶೋತ್ಸವ, ನವರಾತ್ರಿಯ ಕಾರ್ಯಕ್ರಮಗಳಿಗೆ ಹೋಗುತ್ತಿದ್ದ. ಬೆಳಗಿನ ಹೊತ್ತು ಮನೆಯಲ್ಲೇ. ನಾನು ಮೊದಲನೇ ಪಾಳಿಗೆ ಹೋದರೆ ಅತ್ತೆಯನ್ನು ಎತ್ತುವುದು, ಮಗ್ಗುಲು ಬದಲಿಸುವುದು, ಉಣಿಸುವುದು, ಎಲ್ಲ ಅವನದು. ಅತ್ತೆ ಭಾರದ ಹೆಂಗಸು. ಅವನೊಬ್ಬನೇ ಅವರನ್ನು ನೋವಾಗದಂತೆ ಎತ್ತಬಲ್ಲವನಾಗಿದ್ದ. ಎತ್ತುವಾಗ ಏನಾದರೂ ಅಂದು ನಗಿಸುತ್ತಿದ್ದ, ಅವರೂ ಬಿಡುತ್ತಿರಲಿಲ್ಲ.

ಆ ಕಾಲಕ್ಕೆ ಆರ್ಕೆಸ್ಟ್ರಾಗಳಲ್ಲಿ ಎಲೆಕ್ಟ್ರಾನಿಕ್ ಡ್ರಮ್ಮಿನ ಹುಚ್ಚು ಶುರುವಾಗಿತ್ತು. ರಬ್ಬರಿನ ಪ್ಯಾಡುಗಳ ಮೇಲೆ ಬಾರಿಸಿದರೆ ತಂತಿಯ ಮೂಲಕ ಒಂದು ಯಂತ್ರಕ್ಕೆ ಸುದ್ದಿ ಹೋಗಿ, ಡ್ರಮ್ಮಿನ ಸದ್ದು ಸ್ಪೀಕರಿನಿಂದ ಬರುತ್ತದೆ. ಮಾಂತು ಮುಂಬೈಗೆ ಹೋಗಿ, ಒಡೆದುಹೋದ ಯಾವುದೋ ತಂಡದವರಿಂದ ಅಂಥ ಯಂತ್ರವನ್ನು ತಂದ. ಅದರ ಪ್ಯಾಡುಗಳು ಮಾತ್ರ ಬೇರೆಯವರ ಪಾಲಾಗಿದ್ದವು. ಮುಂದೆ ಇನ್ನೆಲ್ಲಿಂದಲೋ ಬೇರೆ ಕಂಪನಿಯ ಪ್ಯಾಡುಗಳು ಸಿಕ್ಕವು — ಆರು ಮೂಲೆಯವು, ಹಲಗೆಯಷ್ಟು ಗಟ್ಟಿ. ಪ್ಯಾಡಿನ ಪ್ಲಗ್ಗಿಗೆ ಮೂರು ಕಾಲು, ಯಂತ್ರದ ತೂತು ಒಂದು ಕಡ್ಡಿಯದು. ಹೇಗೋ ತಂತಿ ತಿರುಚಿ ಜೋಡಿಸಿದರೆ, ಒಂದು ಸಲ ಹೊಡೆದರೆ ಎರಡು ಸದ್ದು. ಒಂದು ಪ್ಯಾಡ್ ಹೊಡೆದರೆ ಪಕ್ಕದ್ದೂ ಕೂಗುತ್ತಿತ್ತು.

"ವೈನಿ, ಇವೆರಡಕ್ಕೂ ಮದುವಿ ಮಾಡಿಸಿಕೊಡ್ರಿ. ಹೊಂದವಲ್ಲವು" ಎಂದು ತಂದು ನನ್ನ ಮುಂದಿಟ್ಟ.

ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಎನ್ನುತ್ತಾರೆ. ನಾನು ಒಂದು ಪ್ಯಾಡಿನ ಹಿಂಬದಿ ಬಿಚ್ಚಿದೆ. ಒಳಗೆ ಒಂದು ತೆಳ್ಳನೆಯ ಹಿತ್ತಾಳೆ ಬಿಲ್ಲೆ. ಪೆಟ್ಟು ಬಿದ್ದರೆ ಅದರಲ್ಲಿ ಅಷ್ಟಿಷ್ಟು ವಿದ್ಯುತ್ ಹುಟ್ಟುತ್ತದೆ. ಈ ಪ್ಯಾಡುಗಳಲ್ಲಿ ಅದು ಆ ಯಂತ್ರಕ್ಕೆ ಬೇಕಾದ್ದಕ್ಕಿಂತ ಬಹಳ ಹೆಚ್ಚಾಗಿ ಹುಟ್ಟುತ್ತಿತ್ತು, ಅದೇ ತೊಂದರೆ. ನಡುವೆ ಒಂದು ಪೆಟ್ಟಿಗೆ ಬೇಕು ಎಂದೆ. ಪ್ರತಿ ಪ್ಯಾಡಿಗೆ ರೇಡಿಯೋದ ವಾಲ್ಯೂಮ್ ಗುಂಡಿಯಂಥದ್ದು ಒಂದು ಹಾಕಿ, ಬರುವ ವಿದ್ಯುತ್ತನ್ನು ತಗ್ಗಿಸಿ, ಆಮೇಲೆ ಯಂತ್ರಕ್ಕೆ ಬಿಡುವುದು. ಪಕ್ಕದ ಪ್ಯಾಡ್ ಕೂಗುವುದಕ್ಕೆ ಕಾರಣ ಕಬ್ಬಿಣದ ಸ್ಟ್ಯಾಂಡಿನ ನಡುಕ. ಹಳೆಯ ಹವಾಯಿ ಚಪ್ಪಲಿಗಳ ಅಟ್ಟೆ ಕತ್ತರಿಸಿ ಪ್ಯಾಡಿಗೂ ಸ್ಟ್ಯಾಂಡಿಗೂ ನಡುವೆ ಹಾಕಿದೆ. ಕೂಗು ನಿಂತಿತು.

ಪಾಳಿ ಮುಗಿಸಿ ಬಂದು, ಅತ್ತೆಗೆ ಚಹಾ ಕೊಟ್ಟು, ಮಧ್ಯಾಹ್ನವೆಲ್ಲ ಅದೇ ಕೆಲಸ. ಅವನು ಬಾರಿಸುವುದು, ನಾನು ಗುಂಡಿ ತಿರುಗಿಸುವುದು. ಜಾಸ್ತಿ ತಗ್ಗಿಸಿದರೆ ಅವನ ಮೆಲುಪೆಟ್ಟುಗಳು ಕೇಳುತ್ತಿರಲಿಲ್ಲ, ಕಡಿಮೆ ತಗ್ಗಿಸಿದರೆ ಜೋಡಿ ಸದ್ದು. "ಇನ್ನ ಒಂದ ಕೂದಲೆಳಿ, ವೈನಿ" ಎನ್ನುತ್ತಿದ್ದ. ಅವನ ಮೆಲುಪೆಟ್ಟು ಎಂದರೆ — ಅದನ್ನು ಹೇಗೆ ಹೇಳಲಿ. ಸಂಗೀತ ನನಗೆ ತಿಳಿಯದು. ಹೆಡ್‌ಫೋನ್ ನನ್ನ ಕಿವಿಗೆ ಹಾಕಿ ಬಾರಿಸಿ ತೋರಿಸಿದಾಗ, ದೊಡ್ಡ ಪೆಟ್ಟುಗಳ ನಡುವೆ ಯಾರೋ ಮಾತಿಗೆ ಮುಂಚೆ ಉಸಿರೆಳೆದುಕೊಂಡಂತೆ ಕೇಳುತ್ತಿತ್ತು. ನಾನು ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅಷ್ಟು ಸಂತೋಷದಿಂದ ಇದ್ದ ಬೇರೆ ದಿನಗಳು ನೆನಪಾಗುವುದಿಲ್ಲ.

ಹೆಡ್‌ಫೋನ್ ಹಾಕಿಕೊಂಡು ಅವನು ಅಭ್ಯಾಸ ಮಾಡಿದರೆ ಹೊರಗೆ ಬರೀ ಟಪ್ ಟಪ್. ಮಂಚದ ಮೇಲಿಂದ ಅತ್ತೆ ಸೊಟ್ಟಬಾಯಲ್ಲೇ ಅಂದಿದ್ದರು: "ಊರಾಗ ಡೊಳ್ಳು ಬಡದ್ರ ನಾಕ ಓಣಿಗೆ ಕೇಳತಿತ್ತು. ನೀ ಬಡದ್ರ ನಿನಗಷ್ಟ ಕೇಳತೈತಿ. ಇದ್ಯಾವ ಕಂಜೂಸ ಡೊಳ್ಳೋ, ಮಾಂತ್ಯಾ?"

ಅಷ್ಟರಲ್ಲಿ ಔರಂಗಾಬಾದಿನಿಂದ ಕರೆ ಬಂತು. ಅಲ್ಲಿಯ ಒಂದು ದೊಡ್ಡ ಆರ್ಕೆಸ್ಟ್ರಾಕ್ಕೆ ಎಲೆಕ್ಟ್ರಾನಿಕ್ ಡ್ರಮ್ ಇದ್ದವನು ಬೇಕಾಗಿತ್ತು. ಭಾನುವಾರ ಬಾರಿಸಿ ತೋರಿಸಬೇಕು. ಒಪ್ಪಿಗೆಯಾದರೆ ಮರುವಾರದಿಂದಲೇ ತಂಡದ ಜೊತೆ ತಿರುಗಾಟ — ಇಡೀ ಮಹಾರಾಷ್ಟ್ರ, ಆಮೇಲೆ ಪರದೇಶವೂ ಇದ್ದೀತು. ಮಾಂತು ಆ ಸುದ್ದಿಯನ್ನು ಮೊದಲು ಹೇಳಿದ್ದು ನನಗೆ.

ಅವನು ಹೋದರೆ ಅತ್ತೆಯನ್ನು ಯಾರು ನೋಡಿಕೊಳ್ಳಬೇಕು? ಮನೆಯಲ್ಲಿ ಯಾರೂ ಈ ಪ್ರಶ್ನೆ ಕೇಳಲಿಲ್ಲ, ಉತ್ತರ ಎಲ್ಲರಿಗೂ ಗೊತ್ತಿತ್ತು. ನನ್ನ ಗಂಡ ಊಟದ ನಡುವೆ, ರೊಟ್ಟಿ ಮುರಿಯುತ್ತ, ನೀ ಕೆಲಸ ಬಿಟ್ಟರಾತು ಬಿಡು ಎಂದರು. ಉಪ್ಪು ಕೊಡು ಎನ್ನುವ ದನಿಯಲ್ಲಿ. ಅದೇ ವಾರ ಕಾರ್ಖಾನೆಯಲ್ಲಿ, ಇನ್ನು ಮುಂದೆ ಇಡೀ ಸಾಲಿನ ಉಸ್ತುವಾರಿ ನನಗೇ ಕೊಡುತ್ತೇವೆ ಎಂದಿದ್ದರು. ಅದನ್ನು ನಾನು ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ಹೇಳಬಹುದಾಗಿತ್ತು. ಗಂಡನ ಜೊತೆ ಜಗಳ ಮಾಡಬಹುದಾಗಿತ್ತು. ಹಗಲಿಗೊಬ್ಬ ಕೆಲಸದ ಹೆಂಗಸನ್ನು ಗೊತ್ತುಮಾಡೋಣ ಎನ್ನಬಹುದಾಗಿತ್ತು. ನಾನು ಬಾಯಿ ಬಿಡಲಿಲ್ಲ. ಗಲಾಟೆ ನನಗೆ ಸೇರದು, ಎಲ್ಲವೂ ಸದ್ದಿಲ್ಲದೆ ನಡೆಯಬೇಕು — ಹಾಗೆಂದುಕೊಂಡು ಇನ್ನೊಂದು ದಾರಿಯನ್ನು…

ಶನಿವಾರ ಮಧ್ಯಾಹ್ನ. ಮರುದಿನದ ಪ್ರಯಾಣಕ್ಕೆ ಪೆಟ್ಟಿಗೆ ಕಟ್ಟುವಾಗ ಅದರೊಳಗಿನ, ನಡುವಿನ ಪ್ಯಾಡಿನ ತಂತಿ ಕಿತ್ತು ಬಂತು. ನಡುವಿನದೇ ಮುಖ್ಯವಾದದ್ದು, ಹಾಡಿನ ತಾಳವೆಲ್ಲ ಅದರ ಮೇಲೆಯೇ ನಿಲ್ಲುತ್ತದೆ. ಕಡ್ಡಿ ಕಾಯಿಸಿ ಬೆಸೆಯುತ್ತಿದ್ದೆ, ಕರೆಂಟು ಹೋಯಿತು. ಕಾವು ಇಳಿಯುತ್ತಿದ್ದ ಕಡ್ಡಿಯಲ್ಲೇ ಅವಸರ ಮಾಡಿದೆ, ಸೀಸ ಆರುವ ಮೊದಲೇ ತಂತಿ ಅಲುಗಿತು. ಬೆಸುಗೆ ಬೂದು ಬಣ್ಣಕ್ಕೆ ತಿರುಗಿ ಉಂಡೆಯಾಗಿ ಕೂತಿತು.

ಇಲ್ಲಿಯವರೆಗೆ ಅದು ಯಾರಿಗಾದರೂ ಆಗಬಹುದಾದ ತಪ್ಪು.

ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಕಡ್ಡಿ ಮತ್ತೆ ಕಾಯಿತು. ಮಾಂತು ಒಳಗಿನ ಕೋಣೆಯಲ್ಲಿ ಅತ್ತೆಯನ್ನು ಎತ್ತಿ ಕೂರಿಸುತ್ತಿದ್ದ, ಅವರು ಏನೋ ಬಯ್ಯುತ್ತಿದ್ದರು, ಅವನು ನಗುತ್ತಿದ್ದ. ಕಾದ ಕಡ್ಡಿ ನನ್ನ ಕೈಯಲ್ಲಿತ್ತು. ಅದರ ತುದಿಯನ್ನು ಆ ಉಂಡೆಗೆ ಮುಟ್ಟಿಸಿ ಉಸಿರು ಬಿಡುವಷ್ಟು ಹೊತ್ತು ಹಿಡಿದಿದ್ದರೆ ಸಾಕಾಗಿತ್ತು. ನಾನು ಅದನ್ನೇ ನೋಡುತ್ತ ಕೂತಿದ್ದೆ. ಆಮೇಲೆ ಕಡ್ಡಿಯನ್ನು ಆಚೆ ಇಟ್ಟು, ಮುಚ್ಚಳ ಹಾಕಿ, ತಿರುಪುಗಳನ್ನು ಬಿಗಿ ಮಾಡಿದೆ.

ಆತೇನ್ರಿ ಎಂದು ಒಳಗಿನಿಂದ ಕೇಳಿದ. ಆತು ಎಂದೆ.

ಭಾನುವಾರ ಗಂಡ ಮನೆಯಲ್ಲಿದ್ದರು. ಅತ್ತೆಯನ್ನು ಅವರಿಗೆ ಬಿಟ್ಟು ನಾವಿಬ್ಬರೂ ಹೊರಟೆವು. ನೀವು ಮಾಡಿದ ಪೆಟ್ಟಿಗೆ, ನೀವೇ ಹತ್ತಿರ ಇರಬೇಕು ಎಂದು ಮಾಂತು ಹಟ ಹಿಡಿದಿದ್ದ. ಕೆಂಪು ಎಸ್.ಟಿ. ಬಸ್ಸು. ಯೇವಲಾ ದಾಟಿ ವೈಜಾಪುರದ ಕಡೆ ರಸ್ತೆ ಬಹಳ ಕೆಟ್ಟಿತ್ತು. ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪ್ರತಿ ಕುಲುಕಿಗೂ ನನ್ನ ಗಮನ ಒಳಗಿನ ಆ ಉಂಡೆಯ ಮೇಲೆಯೇ. ಬಿಡಲಿ ಎಂದುಕೊಂಡೆನೋ, ಹಿಡಿದುಕೊಂಡಿರಲಿ ಎಂದುಕೊಂಡೆನೋ — ಎರಡೂ ಇತ್ತು ಎಂದು ಈಗ ಬರೆದರೆ ನನ್ನನ್ನು ನಾನೇ ಸ್ವಲ್ಪ ಉಳಿಸಿಕೊಂಡಂತೆ.

ಆರ್ಕೆಸ್ಟ್ರಾದ ಮಾಲೀಕರನ್ನು ಎಲ್ಲರೂ ಅಣ್ಣಾ ಎನ್ನುತ್ತಿದ್ದರು. ದಪ್ಪ ಮನುಷ್ಯ, ಮಾತು ಕಡಿಮೆ. ಮಾಂತು ನನ್ನನ್ನು ಅವರಿಗೆ ಪರಿಚಯ ಮಾಡಿಕೊಟ್ಟ ರೀತಿ ನೆನಪಿದೆ — ಇವರು ನಮ್ಮ ವೈನಿ, ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್, ಈ ಪೆಟ್ಟಿಗೆ ಪೂರ್ತಿ ಇವರದೇ, ಇವರ ಕೈಯಿಂದ ತಪ್ಪು ಮಾಲು ಹೊರಬೀಳುವುದೇ ಇಲ್ಲ. ಅಣ್ಣಾ ನನಗೆ ಕೈಮುಗಿದರು.

ಮೊದಲ ಹಾಡು ಚೆನ್ನಾಗಿ ಹೋಯಿತು. ಗಿಟಾರಿನವನು ತಲೆಯಾಡಿಸುತ್ತಿದ್ದ. ಎರಡನೆಯ ಹಾಡಿನ ನಡುವೆ ನಡುಪ್ಯಾಡಿನ ಸದ್ದು ಮಾಯವಾಯಿತು. ಮತ್ತೆ ಬಂತು. ಮತ್ತೆ ಹೋಯಿತು. ಚರ್ಮದ ಡ್ರಮ್ಮಾದರೆ ಕೈಗೆ ಕೂಡಲೇ ಗೊತ್ತಾಗುತ್ತದೆ. ರಬ್ಬರಿನ ಪ್ಯಾಡಿಗೆ ಸ್ವಂತ ಸದ್ದಿಲ್ಲ, ಅಷ್ಟು ಗದ್ದಲದಲ್ಲಿ ಸ್ಪೀಕರ್ ಹೇಳಿದ್ದೇ ನಿಜ. ಅವನು ಗಟ್ಟಿಯಾಗಿ ಹೊಡೆಯತೊಡಗಿದ, ತಾಳ ಜಾರಿತು. ಬಾರಿಸುತ್ತಲೇ ತನ್ನ ಬಲಗೈಯನ್ನು, ಯಾರದೋ ಕೈ ಎನ್ನುವ ಹಾಗೆ ನೋಡಿದ. ಆ ನೋಟ… ಅಣ್ಣಾ ಕೈಯೆತ್ತಿ ನಿಲ್ಲಿಸಿದರು.

ಅವರು ಒಳ್ಳೆಯ ಮನುಷ್ಯ. ಸಿಟ್ಟಾಗಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದು ಹಿಂದಿಯಲ್ಲಿ ಕೇಳಿದರು: "ದೀದಿ, ಆಪ್ ಬತಾಯಿಯೇ. ಮಷೀನ್ ಕೀ ಗಲತೀ ಹೈ, ಯಾ ಹಾಥ್ ಕೀ?" ಯಂತ್ರದ ತಪ್ಪಾದರೆ ಸರಿಮಾಡಿ, ಊಟದ ನಂತರ ಮತ್ತೆ ಕೇಳುತ್ತೇನೆ, ಕೈಯ ತಪ್ಪಾದರೆ ಇಲ್ಲಿಗೆ ಸಾಕು ಎಂದರು.

ಮಾಂತು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಪೆಟ್ಟಿಗೆಯನ್ನು ಎಲ್ಲರಿಗೂ ಬೆನ್ನು ಮಾಡಿ ಬಿಚ್ಚಿದೆ. ಉಂಡೆ ಬಿರುಕು ಬಿಟ್ಟಿತ್ತು. ಉಗುರಿನಿಂದ ತಂತಿಯನ್ನು ಒತ್ತಿ ಕೂರಿಸಿ, ಮುಚ್ಚಳ ಹಾಕಿ, ಬೆರಳಿನಿಂದ ಪ್ಯಾಡನ್ನು ತಟ್ಟಿದೆ. ಸ್ಪೀಕರಿನಲ್ಲಿ ಸದ್ದು ಸ್ಪಷ್ಟವಾಗಿ ಬಂತು. ಮತ್ತೆ ತಟ್ಟಿದೆ, ಮತ್ತೆ ಬಂತು. ಅಣ್ಣಾರಿಗೆ ಮರಾಠಿಯಲ್ಲಿ ಮಷೀನು ಬರೋಬರ್ ಇದೆ ಎಂದೆ. ಆಮೇಲೆ ನನ್ನ ಮೈದುನನ ಕಡೆ ತಿರುಗಿ, ನಮ್ಮ ಮಾತಿನಲ್ಲಿ ಹೇಳಿದೆ:

"ಪೆಟಿಗಿ ಸರಿ ಐತಿ, ಮಾಂತು. ನಿನ್ನ ಕೈ ಅಂಜೇತಿ."

ಅವನು ವಾದ ಮಾಡಲಿಲ್ಲ. "ಹೌದ್ರಿ ವೈನಿ" ಎಂದ.

ತಿರುಗಿ ಬರುವಾಗ ಬಸ್ಸಿನಲ್ಲಿ ಪೆಟ್ಟಿಗೆಯನ್ನು ನನ್ನಿಂದ ಇಸಿದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡ. ಪಾಪ, ಇದರದೇನು ತಪ್ಪು ಎನ್ನುವಂತೆ ಎರಡೂ ಕೈಯಿಂದ ಹಿಡಿದುಕೊಂಡಿದ್ದ.

ಇದಕ್ಕಿಂತ ಕೀಳಾದದ್ದು ಒಂದು ಉಳಿದಿದೆ. ಸೋಮವಾರ ಪಾಳಿ ಮುಗಿಸಿ ಬಂದವಳು, ಅವನು ಔಷಧಿ ತರಲು ಹೋದಾಗ, ಆ ಉಂಡೆಯನ್ನು ಕಿತ್ತು ಹೊಸದಾಗಿ ಬೆಸೆದೆ. ಒರೆಸಿ, ಕಾಯಿಸಿ, ತಡೆದು, ನೋಡಿದೆ. ಹೊಳೆಯಿತು. ಕೆಲವು ದಿನ ಕಳೆದ ಮೇಲೆ ಮಾಂತು ಎಲ್ಲ ಜೋಡಿಸಿ, ಹೆಡ್‌ಫೋನ್ ಹಾಕಿಕೊಂಡು ಬಹಳ ಹೊತ್ತು ಬಾರಿಸಿದ. ಒಂದು ಪೆಟ್ಟೂ ತಪ್ಪಲಿಲ್ಲ. ಹೆಡ್‌ಫೋನ್ ತೆಗೆದು, ಪೆಟ್ಟಿಗೆಯಲ್ಲಿ ಏನೂ ದೋಷವಿಲ್ಲ, ನೀವು ಹೇಳಿದ್ದೇ ಖರೆ ಎಂದ. ಮನೆಯಲ್ಲಿ ಸರಿ ಇರುವ ಕೈ ಜನರೆದುರು ಅಂಜುತ್ತದೆ ಎನ್ನುವುದಕ್ಕೆ ಅವನಿಗೆ ಸಾಕ್ಷಿ ಸಿಕ್ಕಂತಾಯಿತು. ಆ ಸಾಕ್ಷಿಯನ್ನು ಬೆಸೆದು ಇಟ್ಟವಳು ನಾನು. ಅದಾದ ಮೇಲೆ ಅವನು ಪ್ಯಾಡುಗಳನ್ನು, ಯಂತ್ರವನ್ನು ಯಾರಿಗೋ ಕೊಟ್ಟುಬಿಟ್ಟ. ಮದುವೆಗಳಲ್ಲಿ ಬಾರಿಸುವುದೂ ನಿಂತಿತು.

ನಾನು ಸಾಲಿನ ಉಸ್ತುವಾರಿಯಾದೆ. ಪೇಢೆ ಹಂಚಿದೆ. ಅತ್ತೆ ಬದುಕಿರುವ ತನಕ ಮಾಂತು ಅವರನ್ನು ಎತ್ತಿದ, ಇಳಿಸಿದ, ಉಣಿಸಿದ. ಅವರು ಹೋದ ಮೇಲೆ ಔರಂಗಾಬಾದಿನ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಅವನಿಗೆ ಕೆಲಸ ಸಿಕ್ಕಿತು. ಪರಿಚಯದವರಿಗೆ ಹೇಳಿ ಕೊಡಿಸಿದವಳು ನಾನೇ. ಮೈದುನನಿಗೆ ಬದುಕು ಕಟ್ಟಿಕೊಟ್ಟ ಅತ್ತಿಗೆ ಎಂದು ನೆಂಟರೆಲ್ಲ ಹೊಗಳಿದರು. ನಾನು ಹೊಗಳಿಸಿಕೊಂಡೆ.

ಹೋದ ವರ್ಷ ಅವನು ಇರುವ ಓಣಿಯಲ್ಲಿ ಸತ್ಯನಾರಾಯಣ ಪೂಜೆ. ನಮ್ಮ ಕನ್ನಡದ ನಾಲ್ಕಾರು ಮನೆಗಳವರೂ ಸೇರಿದ್ದರು, ನೆಂಟರಿದ್ದರು. ಭಜನೆಗೆ ಢೋಲಕಿಯವನು ಬರಲಿಲ್ಲ. ಯಾರೋ ಹಳಬರು ಮಾಂತುವಿನ ಮುಂದೆ ಢೋಲಕಿ ಇಟ್ಟು, ನೀನೂ ಒಂದು ಕಾಲಕ್ಕೆ ಬಾರಿಸುವವನಿದ್ದಿ, ಬಾರಿಸು ಎಂದು ಕಾಡಿದರು. ಅವನು ನಕ್ಕು ಅದನ್ನು ಹಿಂದಕ್ಕೆ ಸರಿಸಿದ.

"ನನ್ನ ಕೈ ನಾಕ ಮಂದಿ ಎದುರು ಅಂಜತಾವ್ರಿ. ಬೇಕಾದ್ರ ನಮ್ಮ ವೈನಿನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ.

ಈ ವಯಸ್ಸಿನಲ್ಲಿ, ದೇವರ ಪ್ರಸಾದ ಕೈಯಲ್ಲಿ ಹಿಡಿದುಕೊಂಡು, ಮತ್ತೊಮ್ಮೆ. ಹರೆಯದ ತಪ್ಪು, ಕಷ್ಟಕಾಲದ ತಪ್ಪು ಎಂದು ಇಷ್ಟು ದಿನ ಒಳಗೊಳಗೇ ಹೇಳಿಕೊಂಡಿದ್ದೆಲ್ಲ ಆ ತಲೆಯಾಡಿಸುವಿಕೆಯಲ್ಲಿ ಸುಳ್ಳಾಯಿತು. ಈಗ ಯಾವ ಕಷ್ಟ ಇತ್ತು ನನಗೆ?

ಕಳೆದ ತಿಂಗಳು ಒಬ್ಬಳೇ ಅಲ್ಲಿಗೆ ಹೋದೆ. ಅವನ ಹೆಂಡತಿ ತರಕಾರಿಗೆ ಹೋಗಿದ್ದಳು. ಅವನು ಹೊರಗಿನ ಕಟ್ಟೆಯ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯದ ಸೊಪ್ಪು ಸೋಸುತ್ತಿದ್ದ. ನಾನು ಎದುರು ಕೂತು, ಕರೆಂಟು ಹೋದದ್ದರಿಂದ ಹಿಡಿದು ಸೋಮವಾರದ ಬೆಸುಗೆಯ ತನಕ, ಯಾವುದನ್ನೂ ಬಿಡದೆ ಹೇಳಿದೆ. ಉಸ್ತುವಾರಿ ಕೆಲಸದ ವಿಷಯವನ್ನೂ ಹೇಳಿದೆ. ಅವನ ಬೆರಳುಗಳು ಎಲೆಗಳನ್ನು ಬಿಡಿಸುವುದನ್ನು ನಿಲ್ಲಿಸಿದವು.

"ಅಂದ್ರ, ಕೈ ಸರಿ ಇತ್ತು" ಎಂದ.

ನನ್ನನ್ನು ಕೇಳಿದ್ದಲ್ಲ. ಹೌದು ಎಂದೆ, ಆದರೂ. ನಾನು ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಅವನು ಮೆತ್ತಗೆ ಹೇಳಿದ:

"ಬಾಯಿಬಿಟ್ಟು ಒಂದ ಮಾತು ಕೇಳಿದ್ರ ನಾನ ನಿಲ್ಲತಿದ್ನೆಲ್ರಿ, ವೈನಿ. ಅವ್ವನ್ನ ಬಿಟ್ಟು ಹೋಗೂದು ನನಗೂ ಆಗತಿದ್ದಿಲ್ಲ. ಅದನ್ನ ನಿಮ್ಮ ಮುಂದ ಹೆಂಗ ಹೇಳೂದಂತ ಆ ವಾರ ಪೂರಾ ಒದ್ದಾಡೀನಿ."

ಅಷ್ಟೇ. ಮತ್ತೆ ಸೊಪ್ಪಿಗೆ ಕೈ ಹಾಕಿದ. ಕ್ಷಮೆ ಕೇಳುವ ಹಕ್ಕು ನನಗಿರಲಿಲ್ಲ. ಅವನು ನಿಲ್ಲುತ್ತಿದ್ದ — ನಿಂತರೂ ತನ್ನ ಕೈ ಒಳ್ಳೆಯದು ಎಂದು ತಿಳಿದೇ ನಿಲ್ಲುತ್ತಿದ್ದ. ಸಂಜೆ ಬಾರಿಸಲು ಹೋಗುತ್ತಿದ್ದ. ಅವ್ವ ಹೋದ ಮೇಲೆ ಇನ್ನೊಂದು ತಂಡ, ಇನ್ನೊಂದು ಊರು… ಅಷ್ಟನ್ನು ನಾನು ತೆಗೆದುಕೊಂಡೆ, ಸುಮ್ಮನೆ, ಬೇಕಿಲ್ಲದೆಯೂ.

ಆಮೇಲೆ ಅವನು ಫೋನ್ ಮಾಡಿಲ್ಲ. ಮಾಡಲೇಬೇಕೆಂದು ನಾನು ಕಾಯುವುದೂ ಸರಿಯಲ್ಲ. ನನ್ನ ಕಡೆಯಿಂದ ಆಗಬೇಕಾದ ಕೆಲಸ ಬೇರೆ ಇದೆ. ಅವನೊಬ್ಬನಿಗೆ ಗುಟ್ಟಾಗಿ ಹೇಳಿದರೆ ಸಾಲದು. ಪೂಜೆಯ ದಿನ ನಾನು ತಲೆಯಾಡಿಸಿದ್ದನ್ನು ನೋಡಿದವರಿದ್ದಾರೆ, ಮಹಾಂತೇಶ ಪುಕ್ಕಲು ಎಂದು ವರ್ಷಗಟ್ಟಲೆ ನಗೆಯಾಡಿದ ನೆಂಟರಿದ್ದಾರೆ. ಅವರೆಲ್ಲ ಓದಲಿ ಎಂದೇ ಅವನ ಹೆಸರು ಮರೆಮಾಚದೆ ಬರೆದಿದ್ದೇನೆ. ಓದಲು ಬಾರದವರ ಮನೆಗೆ ನಾನೇ ಹೋಗಿ ಹೇಳಿ ಬರುತ್ತೇನೆ, ಒಂದೊಂದೇ ಮನೆ. ಈ ವಾರ ಎರಡು ಮನೆಗೆ ಹೋಗಿ ಬಂದೆ. ಒಂದು ಕಡೆ ಚಹಾ ಕೊಟ್ಟರು, ಇನ್ನೊಂದು ಕಡೆ ಕೊಡಲಿಲ್ಲ.

ಆ ಭಾನುವಾರ ಮಹಾಂತೇಶ ಸರಿಯಾಗಿಯೇ ಬಾರಿಸಿದ.